ಉಚ್ಚೆಗೊಂದು ರಾಗ

ನನ್ನ ಗಂಡ ಮದುವೆ ಆರ್ಕೆಸ್ಟ್ರಾದ ಹಾಡುಗಾರ. ಸೊರಬದ ಕಲ್ಯಾಣ ಮಂಟಪವೊಂದರಲ್ಲಿ ಹಾಡುತ್ತಿದ್ದಾಗ ಬಲಗೈಯಿಂದ ಮೈಕ್ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಮೇಲೇಳಲಿಲ್ಲ.

ಸ್ಟ್ರೋಕ್.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಜೀವ ಉಳಿಯಿತು. ಮಾತು ಹೋಯಿತು. ಶಿಕಾರಿಪುರದ ಮನೆಗೆ ಕರೆತಂದ ಮೇಲೆ ಗೊತ್ತಾಯಿತು, ಹಾಡು ಮಾತ್ರ ಹೋಗಿಲ್ಲ. ನೀರು ಎನ್ನಲು ಬಾರದವರು, ಮದುಮಗಳನ್ನು ಗಂಡನ ಮನೆಗೆ ಕಳಿಸುವಾಗ ಇಪ್ಪತ್ತು ವರ್ಷ ಹಾಡಿದ್ದ ಆ ಹಳೆಯ ಸಿನಿಮಾ ಹಾಡನ್ನು ಒಂದಕ್ಷರ ತಪ್ಪದೆ ಹಾಡಿದರು. ಮೆದುಳಿನಲ್ಲಿ ಮಾತಿನ ಜಾಗ ಬೇರೆ, ಹಾಡಿನದು ಬೇರೆ ಎಂದರು ಡಾಕ್ಟರ್.

ಅಲ್ಲಿಂದ ಶುರುವಾಯಿತು ಹೇಸಿಗೆ.

ಬ್ರೆಡ್ಡು, ಮೂಸಂಬಿ ಹಿಡಿದು ನೋಡಲು ಬಂದವರೆಲ್ಲ ಕುರ್ಚಿ ಎಳೆದು ಕೂತು ಹಾಡಿಸಿದರು. ಸೊರಬದಿಂದ ಬಂದ ನನ್ನ ತಮ್ಮನೇ ಮೊದಲಿಗ. "ಭಾವ, ಆ ಹಾಡು ಹೇಳಿ ಮಾರಾಯ್ರೆ, ಒಂದೇ ಸಲ" ಎಂದು ಫೋನ್ ಎತ್ತಿದ. ಇವರು ಹಾಡಿದರು. ಬಾಯಿಯ ಒಂದು ಮೂಲೆಯಿಂದ ಜೊಲ್ಲು, ಎರಡೂ ಕಣ್ಣಿಂದ ನೀರು. "ಏನ್ ಫೀಲಿಂಗ್ ಅಕ್ಕಾ!" ಎಂದು ಅವನು ಚಪ್ಪಾಳೆ ತಟ್ಟಿದ. ಸಂಜೆಗೆ ಅದು ಎಲ್ಲರ ಫೋನಿನಲ್ಲಿತ್ತು. ಒಡಹುಟ್ಟಿದವನ ಮುಖ ನೋಡಲೂ ಅಸಹ್ಯವಾಯಿತು.

ನಾನೇನು ಕಡಿಮೆಯವಳಲ್ಲ.

ಚೆನ್ನಾಗಿ ಗೊತ್ತಿರುವ ರಾಗಕ್ಕೆ ಬೇಕಾದ ಮಾತು ಕೂರಿಸಿ ಹೇಳಿಸಿ ಎಂದಿದ್ದರು ಸ್ಪೀಚ್ ಥೆರಪಿಯವರು. ಗೊತ್ತಿರುವುದೆಂದರೆ ಅದೇ ಹಾಡಲ್ಲವೇ? ಆ ರಾಗಕ್ಕೆ ನಾನು "ಉಚ್ಚೆ ಬಂದಿದೆ" ಕೂರಿಸಿದೆ. ಹಾಡಿಯೂ ತೋರಿಸಿದೆ. ಇವರು ಬಾಯಿ ಬಿಗಿದರು. "ಹೇಳ್ರೀ, ಏನ್ ಹಠಾನ್ರೀ ನಿಮ್ದು?" ಎಂದು ಗದರಿದೆ. ನನ್ನನ್ನೇ ನೋಡುತ್ತಾ ಹಾಸಿಗೆ ಒದ್ದೆ ಮಾಡಿಕೊಂಡರು.

ಬೇಕೆಂದೇ.

ಲುಂಗಿ ಬದಲಿಸುವಾಗ ಮೂಗು ಮುಚ್ಚಿಕೊಂಡೆ. ಅದನ್ನೂ ಅವರು ನೋಡಿದರು. ವಾಸನೆಗಿಂತ ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಆಗ ನೆನಪಾಯಿತು, ಆ ಹಾಡನ್ನು ಅವರು ಯಾವಾಗಲೂ ಜನರಿಗೆ ಬೆನ್ನು ಮಾಡಿ ಹಾಡುತ್ತಿದ್ದರು. ಕಲಾವಿದರ ಧಿಮಾಕು ಎಂದು ನಾವೆಲ್ಲ ಆಡಿಕೊಂಡಿದ್ದೆವು.

"ಆಗೆಲ್ಲ ಅಳ್ತಿದ್ರೇನ್ರೀ?" ಎಂದು ಕೇಳಿದೆ.

ಹೌದೆಂದು ತಲೆಯಾಡಿಸಿದರು. ನಮಗೆಲ್ಲ ಅದು ಊಟದ ಮೇಲಿನ ಎಲೆಅಡಿಕೆಯ ಹಾಗೆ, ಮದುವೆ ಎಂದರೆ ಇರಲೇಬೇಕಾದ್ದು, ಅಷ್ಟೇ. ಹೆಣ್ಣು ಹೆತ್ತವರ ಸಂಕಟವನ್ನು ಪ್ರತಿ ಸಲವೂ ಇವರು ತಮ್ಮದೇ ಎಂಬಂತೆ ಹಾಡುತ್ತಿದ್ದರೆಂದು ಹೆಂಡತಿಯಾದ ನನಗೇ ಗೊತ್ತಿರಲಿಲ್ಲ. ಅದರ ಮೇಲೆ ನಾನು ಉಚ್ಚೆ ಹೊಯ್ಯಿಸಲು ಹೊರಟಿದ್ದೆ.

ಆ ರಾಗ ಬಿಟ್ಟೆವು. ನಮ್ಮ ಬೀದಿಯಲ್ಲಿ ದಿನಾ ಬೆಳಿಗ್ಗೆ ಈರುಳ್ಳಿ ಗಾಡಿಯವನು ಮೈಕಿನಲ್ಲಿ ಎಳೆದೆಳೆದು ಕೂಗುತ್ತಾನೆ. ಒಂದು ದಿನ ಇವರೇ ಎಡಗೈಯಲ್ಲಿ ಕಿಟಕಿ ತೋರಿಸಿ ಆ ಕೂಗನ್ನು ಗುನುಗಿದರು. ಅದಕ್ಕೆ ಉಚ್ಚೆ ಸರಿಯಾಗಿ ಕೂತಿತು. ಮೂರನೆಯ ವಾರಕ್ಕೆ ನೀರು, ಅನ್ನ, ಸಾಕು ಎಲ್ಲವೂ ಈರುಳ್ಳಿ ರಾಗದಲ್ಲಿ ಬಂದವು. ಬಲಗೈ ಸ್ವಾಧೀನಕ್ಕೆ ಬರುವುದು ಕಷ್ಟ ಎಂದಿದ್ದಾರೆ ಡಾಕ್ಟರ್. ಇಷ್ಟು ಬಂದದ್ದಕ್ಕೇ ಕೈಮುಗಿಯುತ್ತೇನೆ.

ಮೊನ್ನೆ ತಮ್ಮ ಮತ್ತೆ ಬಂದ. ಜೊತೆಗೆ ತನ್ನ ಹೆಂಡತಿ ಕಡೆಯ ಇಬ್ಬರನ್ನು ಕರೆತಂದಿದ್ದ. "ನಮ್ ಭಾವ ಹ್ಯಾಗ್ ಹಾಡ್ತಾರೆ ನೋಡಿ" ಎಂದು ಫೋನ್ ಎತ್ತಿದ. ತಡೆಯಲು ನಾನು ಎದ್ದೆ. ಇವರು ಎಡಗೈ ಸನ್ನೆಯಲ್ಲೇ ನನ್ನನ್ನು ಕೂರಿಸಿದರು. ಗಂಟಲು ಸರಿಮಾಡಿಕೊಂಡು, ಈರುಳ್ಳಿ ಗಾಡಿಯ ರಾಗದಲ್ಲಿ ಅಕ್ಷರ ಅಕ್ಷರ ಬಿಡಿಸಿ ಹೇಳಿದರು:

"ಫೋ...ನು ಒಳ...ಗಿಡೋ..."

ತಮ್ಮ ಇಟ್ಟ.