ನಾಲ್ಕು ನಿಮಿಷದ ಬಿರುಗಾಳಿ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಬಿರುಗಾಳಿ ಎಂದೇ ಕರೆಯುತ್ತಿದ್ದರು. ಹೆಸರಿಗೆ ಆಯಾ ಕೆಲಸ; ಆದರೆ ಇಪ್ಪತ್ತೆರಡು ವರ್ಷದಲ್ಲಿ ನೆಲ ಒರೆಸಿದ್ದಕ್ಕಿಂತ ಓಡಿದ್ದೇ ಹೆಚ್ಚು. ಬ್ಲಡ್ ಬ್ಯಾಂಕ್ ಇದ್ದದ್ದು ಹಳೇ ಕಟ್ಟಡದ ತಳದಲ್ಲಿ, ಹೆರಿಗೆಯ ಆಪರೇಷನ್ ಥಿಯೇಟರ್ ಹೊಸ ಕಟ್ಟಡದ ಮೂರನೇ ಮಹಡಿಯಲ್ಲಿ. ಯಾವ ಪುಣ್ಯಾತ್ಮ ಹಾಗೆ ಕಟ್ಟಿಸಿದನೋ! ಲಿಫ್ಟಿಗೆ ಕಾದು ನಿಂತರೆ ಹೊತ್ತು ಮುಳುಗುತ್ತಿತ್ತು. ಥಿಯೇಟರಿನಿಂದ ಫೋನ್ ಬಂತೆಂದರೆ ಇವಳು ಚಪ್ಪಲಿ ಬಿಟ್ಟು, ರಕ್ತದ ಚೀಲಗಳಿದ್ದ ಐಸ್ ಡಬ್ಬಿಯನ್ನು ಎದೆಗವಚಿಕೊಂಡು, ಅಂಗಳ ದಾಟಿ, ಅರವತ್ತಾರು ಮೆಟ್ಟಿಲು ಹತ್ತಿ, ನಾಲ್ಕೇ ನಿಮಿಷಕ್ಕೆ ಅಲ್ಲಿ ಬಾಗಿಲು ತಟ್ಟುತ್ತಿದ್ದಳು.

ಶಾಲೆಯಲ್ಲಿ ಓಟಕ್ಕೆ ಕಪ್ ಗೆದ್ದವಳು. ಮದುವೆಯಾದ ಮೇಲೆ ಓಡಿದರೆ ಅತ್ತೆ ಸುಮ್ಮನಿರುತ್ತಾಳೆಯೇ? "ಯಾರ ಮನೆಗೆ ಬೆಂಕಿ ಬಿತ್ತೇ, ನೆಟ್ಟಗೆ ನಡಿ," ಎಂದು ಗದರುತ್ತಿದ್ದಳು. ಈ ಕೆಲಸದಲ್ಲಿ ಮಾತ್ರ ಓಡಿದರೆ ಯಾರೂ ಬೈಯಲಿಲ್ಲ, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವಳ ಬದುಕಿನ ಸುಖವೆಲ್ಲ ಆ ದಾರಿಯಲ್ಲೇ ಇತ್ತು.

ವಯಸ್ಸು ಐವತ್ತಾರು ದಾಟಿತು, ಮೊಣಕಾಲು ಮಾತು ಕೇಳದಾಯಿತು. ಬೆಳಿಗ್ಗೆ ಐದಕ್ಕೇ ಎದ್ದು ಬೀದಿಯಲ್ಲಿ ಓಡಿ ನೋಡಿದಳು, ಎಣ್ಣೆ ತಿಕ್ಕಿದಳು, ಪಟ್ಟಿ ಬಿಗಿದಳು. ಏನು ಮಾಡಿದರೂ ನಾಲ್ಕು ಐದಾಯಿತು, ಐದು ಏಳಾಯಿತು. ಡಬ್ಬಿಯ ಜೊತೆ ಒಂದು ಚೀಟಿ ಹೋಗುತ್ತಿತ್ತು. ಹೊರಟ ಹೊತ್ತನ್ನು ಬ್ಲಡ್ ಬ್ಯಾಂಕಿನವರು ಬರೆಯುತ್ತಿದ್ದರು, ಮುಟ್ಟಿದ ಹೊತ್ತನ್ನು ಥಿಯೇಟರಿನವರು.

"ತಂಗೀ, ಹನ್ನೊಂದಕ್ಕೆ ಹೊರಟ್ರೆ ಹನ್ನೊಂದೂ ಮೂರು ಅಂತ ಬರಿಯೇ," ಎಂದು ಅವಳು ಬ್ಲಡ್ ಬ್ಯಾಂಕಿನ ಟೆಕ್ನೀಷಿಯನ್ ಹುಡುಗಿಯನ್ನು ಕೇಳಿಕೊಂಡಳು. "ಗೊತ್ತಾದ್ರೆ ನನ್ನನ್ನ ಬಟ್ಟೆ ಒಗೆಯೋ ಕಡೆ ಹಾಕಿಬಿಡ್ತಾರೆ."

"ಯಾರಾದ್ರೂ ಕೇಳಿದ್ರೆ ಅಕ್ಕಾ?"

"ಮೂರು ನಿಮಿಷಕ್ಕೆ ಯಾರಪ್ಪನ ಗಂಟು ಹೋಗುತ್ತೆ, ಬರಿ."

ಹುಡುಗಿಗೆ ಅಕ್ಕನೆಂದರೆ ಪ್ರಾಣ, ಬರೆದಳು. ಎರಡು ವರ್ಷದಲ್ಲಿ ಆ ಮೂರು ನಿಮಿಷ ಐದಾಯಿತು. ಚೀಟಿಯಲ್ಲಿ ಮಾತ್ರ ಬಿರುಗಾಳಿ ಬಿರುಗಾಳಿಯಾಗಿಯೇ ಉಳಿದಳು.

ತುರ್ತಿಗೆಂದು ಥಿಯೇಟರಿನ ಫ್ರಿಜ್ಜಿನಲ್ಲಿ ಯಾವಾಗಲೂ ಎರಡು ಚೀಲ ರಕ್ತ ಇಡುತ್ತಿದ್ದರು. ಹೊಸದಾಗಿ ಬಂದ ಡಾಕ್ಟರಮ್ಮ ಹಿಂದಿನ ಎರಡು ವರ್ಷದ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ ನೋಡಿದರು. ಒಂದೂ ನಾಲ್ಕು ನಿಮಿಷ ದಾಟಿರಲಿಲ್ಲ.

"ಬಳಸದೇನೇ ಎಷ್ಟೊಂದು ರಕ್ತ ಹಾಳಾಗ್ತಿದೆ. ಇವರು ಇರೋವಾಗ ಇಲ್ಲಿ ಯಾಕೆ ಇಡಬೇಕು?" ಎಂದು ಬಾಗಿಲಲ್ಲಿದ್ದ ಬಿರುಗಾಳಿಯನ್ನು ನೋಡಿ ನಕ್ಕರು. ಅಂದಿನಿಂದಲೇ ಫ್ರಿಜ್ಜು ಖಾಲಿಯಾಯಿತು.

ಆಗಲಾದರೂ ಬಾಯಿ ಬಿಡಬೇಕಿತ್ತು ಮಹರಾಯ್ತಿ. ಹೆದರಿದ್ದಳು, ನಿಜ. ಆದರೆ ಆ ಹೊಗಳಿಕೆಗೆ ಉಬ್ಬಿಯೂ ಹೋಗಿದ್ದಳು. ಖಾಲಿ ಡಬ್ಬಿ ಎತ್ತಿಕೊಂಡು ಇಳಿದು ಬಂದಳು.

ಮೂರು ವಾರದ ಮೇಲೆ ಮಟಮಟ ಮಧ್ಯಾಹ್ನ ಫೋನ್ ಬಂತು. ಹೆರಿಗೆಯಾದ ಹೆಂಗಸಿಗೆ ರಕ್ತ ನಿಲ್ಲುತ್ತಿಲ್ಲ. ಹುಡುಗಿ ಎಂದಿನಂತೆ ಐದು ನಿಮಿಷ ಸೇರಿಸಿ ಬರೆದಳು, ಇವಳು ಓಡಿದಳು. ಎರಡನೇ ಮಹಡಿಯ ತಿರುವಿನಲ್ಲಿ ಮೊಣಕಾಲು ಹಿಡಿದುಕೊಂಡು ಧೊಪ್ಪನೆ ಕುಳಿತುಬಿಟ್ಟಳು. ಮೇಲಿನಿಂದ ಇಳಿಯುತ್ತಿದ್ದ ಗಾರ್ಡ್ ಕೈ ಚಾಚಿದ.

"ಕೊಡಕ್ಕಾ, ನಾನು ಒಂದೇ ಏಟಿಗೆ ಮುಟ್ಟಿಸ್ತೀನಿ."

"ನಿನ್ನ ಕೆಲಸ ನೀನು ನೋಡ್ಕೋ ಹೋಗಪ್ಪ," ಎಂದು ಡಬ್ಬಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು. ಕಂಬಿ ಹಿಡಿದು, ಕಾಲೆಳೆದುಕೊಂಡು ಹತ್ತಿದಳು. ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಬಾಣಂತಿಯ ತಾಯಿ ಕುಳಿತಿದ್ದು ಕಂಡಾಗ, ಎಲ್ಲಿತ್ತೋ ಶಕ್ತಿ, ಕೊನೆಯ ಹತ್ತು ಮಾರು ಓಡಿಯೇ ಹೋದಳು.

ಅಷ್ಟರಲ್ಲಿ ಒಂಬತ್ತು ನಿಮಿಷವಾಗಿತ್ತು. ಚೀಲ ತೂಗುಹಾಕಿದರು, ಹಿಂಡಿ ಹಿಂಡಿ ಏರಿಸಿದರು. ಆ ಜೀವ ಉಳಿಯಲಿಲ್ಲ.

ಡಾಕ್ಟರಮ್ಮ ಚೀಟಿ ಹಿಡಿದು ಹೊರಗೆ ಬಂದರು. ಮುಖದಲ್ಲಿ ಕಳೆಯೇ ಇರಲಿಲ್ಲ. "ರಕ್ತ ನಾಲ್ಕೇ ನಿಮಿಷಕ್ಕೆ ಬಂತು. ಹೇಳಿ ಕಳಿಸೋದ್ರಲ್ಲಿ ನಾನೇ ತಡ ಮಾಡಿದೆ," ಎಂದರು. ಸತ್ತವಳ ಗಂಡ ಅವರ ಮೇಲೆ ಎಗರಿ ಬಿದ್ದ. ಬಾಯಿಗೆ ಬಂದಂತೆ ಬೈದ. ಅವರು ತಲೆ ತಗ್ಗಿಸಿ ನಿಂತೇ ಇದ್ದರು.

ತಾಯಿ ಮಾತ್ರ ನೆಟ್ಟಗೆ ಬಿರುಗಾಳಿಯ ಹತ್ತಿರ ಬಂದು ಕೈ ಹಿಡಿದುಕೊಂಡಳು. "ನಾನು ನೋಡ್ದೆ ಕಣಮ್ಮ. ಇಷ್ಟು ಜನದಲ್ಲಿ ನನ್ನ ಮಗಳಿಗೋಸ್ಕರ ಓಡಿದ್ದು ನೀನೊಬ್ಬಳೇ. ಈ ವಯಸ್ಸಲ್ಲಿ..."

"ನಾಲ್ಕಲ್ಲಮ್ಮ, ಒಂಬತ್ತು," ಎಂದಳು ಬಿರುಗಾಳಿ. "ನಾನು ಓಡಬಾರದಿತ್ತು."

ಡಾಕ್ಟರಮ್ಮ ತಲೆಯೆತ್ತಿ ನೋಡಿದರು. ಆ ತಾಯಿಗೆ ಏನೂ ಅರ್ಥವಾಗಲಿಲ್ಲ. ಇವಳ ಹಣೆಯ ಬೆವರನ್ನು ಬರಿಗೈಯಲ್ಲಿ ಒರೆಸುತ್ತಲೇ ಇದ್ದಳು.