ಅವರು ಏರದ ಶಿಖರ

ಕಳೆದ ವಾರ ಶಾಲೆಯಲ್ಲಿ ಉತ್ತರಪತ್ರಿಕೆಗಳ ಕಟ್ಟಿಗೆ ಅರಗಿನ ಮುದ್ರೆ ಹಾಕುತ್ತಿದ್ದೆವು. ಹೊಸದಾಗಿ ಸೇರಿದ ಟೀಚರ್ ಒಬ್ಬಳು ಕೆಂಪು ಅರಗಿನ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದಳು. ಸ್ಟಾಫ್ ರೂಮಿನ ತುಂಬ ಆ ವಾಸನೆ ಹರಡಿತು, ಸುಟ್ಟ ರಾಳದ ಘಾಟು... "ಜಾಸ್ತಿ ಕರಗಿಸಬೇಡ, ಗಂಟಿನ ಮೇಲೆ ಎರಡೇ ಹನಿ ಸಾಕು" ಎಂದು ನನ್ನ ಬಾಯಿಂದ ತಾನಾಗಿ ಬಂತು. ಆ ಮಾತು ನನ್ನದಲ್ಲ. ನಾವು ಕೊಚ್ಚಿ ಪಕ್ಕದ ತ್ರಿಪ್ಪುಣಿತ್ತುರದಲ್ಲಿ ಬಾಡಿಗೆಗಿದ್ದಾಗ ಕೆಳಮನೆಯಲ್ಲಿದ್ದ ಅಂಕಲ್ ಹೇಳಿಕೊಟ್ಟದ್ದು.

ನನ್ನ ಗಂಡನಿಗೆ ಬ್ಯಾಂಕಿನಲ್ಲಿ ಕೊಚ್ಚಿಗೆ ವರ್ಗವಾಗಿ ಮೈಸೂರಿನಿಂದ ಬಂದವರು ನಾವು. ಲಾರಿಯಿಂದ ಸಾಮಾನು ಇಳಿಸುತ್ತ, ಬಾರದ ಮಲಯಾಳಂನಲ್ಲಿ ಕೂಲಿಯವರೊಂದಿಗೆ ಒದ್ದಾಡುತ್ತಿದ್ದೆ. ಕೆಳಗಿನ ಜಗಲಿಯಿಂದ ಒಂದು ಧ್ವನಿ ಬಂತು: "ಏನ್ರೀ, ಮೈಸೂರ ಕಡೆಯಾವ್ರೇನ್ರಿ? ಬರ್ರಿ, ಮೊದ್ಲ ಚಾ ಕುಡೀರಿ." ನೋಡಿದರೆ ಬಿಳಿ ಮುಂಡು ಉಟ್ಟ, ಮೀಸೆ ನರೆತ ಅಪ್ಪಟ ಮಲಯಾಳಿ! ಅವರು ಸೈನ್ಯದ ಅಂಚೆ ವಿಭಾಗದಲ್ಲಿದ್ದು ನಿವೃತ್ತರಾದವರು. ಬೆಳಗಾವಿಯ ಕ್ಯಾಂಪಿನಲ್ಲಿ ಆರು ವರ್ಷ ಇದ್ದಾಗ ಕನ್ನಡ ಕಲಿತಿದ್ದರಂತೆ. ಬೀದಿಯವರೆಲ್ಲ ಅವರನ್ನು 'ಪಟ್ಟಾಳಂ ಚೇಟ್ಟನ್' ಎನ್ನುತ್ತಿದ್ದರು, ಸೈನ್ಯದ ಅಣ್ಣ ಎಂದು. ನನಗೆ ಅವರು ಅಂಕಲ್.

"ನಿಮ್ಮ ಕನ್ನಡ ನನಗೆ ಅರ್ಧ ತಿಳಿಯಲ್ಲ ಅಂಕಲ್" ಎಂದು ರೇಗಿಸುತ್ತಿದ್ದೆ. "ನಿಮ್ಮ ಮೈಸೂರ ಕನ್ನಡ ಅಂದ್ರ ನೀರ್ ಹಾಕಿದ ಮಜ್ಜಿಗಿ ಇದ್ದಂಗ್ರಿ ಟೀಚರ್. ನಮ್ದು ನೋಡ್ರಿ, ಖಾರ" ಎನ್ನುವರು. 'ನಮ್ದು' ಎನ್ನುವಾಗ ಅವರಿಗೆ ಒಂಚೂರೂ ಸಂಕೋಚವಿರಲಿಲ್ಲ. ನನ್ನ ಮಗಳು ಆಗಲೇ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳಂನಲ್ಲಿ ಉತ್ತರಿಸತೊಡಗಿದ್ದಳು. ಗಂಡ ಮನೆಗೆ ಬರುವ ಹೊತ್ತಿಗೆ ಮಾತೇ ಮುಗಿದಿರುತ್ತಿತ್ತು. ಹಾಗಾಗಿ ಶಾಲೆ ಬಿಟ್ಟು ಬಂದು ಮೆಟ್ಟಿಲ ಮೇಲೆ ಕೂತು ಅವರೊಂದಿಗೆ ಆಡುವ ಹತ್ತು ನಿಮಿಷದ ಕನ್ನಡಕ್ಕೆ ನಾನು ಕಾಯುತ್ತಿದ್ದೆ ಎಂದರೆ ಅತಿಶಯವಲ್ಲ. ಅಂಕಲ್ ಅವರ ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ತಿರುವನಂತಪುರದ ಶ್ರೀಕಾರ್ಯಂನಲ್ಲಿದ್ದಳು. ಪ್ರತಿ ತಿಂಗಳ ಮೊದಲ ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆಲುವಕ್ಕೆ ಹೊರಡುವರು. ಅಲ್ಲಿ ಹಳೆಯ ಸೈನಿಕರೆಲ್ಲ ಸೇರುತ್ತಿದ್ದರು. ಅದೊಂದು ದಿನ ಅವರಿಗೆ ಹಬ್ಬ.

ಆ ವರ್ಷ ಗಡಿಯಲ್ಲಿ ಗುಂಡಿನ ಸದ್ದು ಶುರುವಾಯಿತು. ಟೀವಿಯಲ್ಲಿ ಹಗಲಿಡೀ ವಿಮಾನಗಳು, ಅರಚಾಟ. ಎರಡನೇ ವಾರಕ್ಕೇ ಶಾಲೆಗಳಿಗೆ ಸರ್ಕಾರದ ಸುತ್ತೋಲೆ ಬಂತು. ಬೆಳಗಿನ ಪ್ರಾರ್ಥನೆಯ ಜೊತೆ ವಿಶೇಷ ಪ್ರತಿಜ್ಞೆ, ಪ್ರತಿ ಮಗುವಿನಿಂದ ಸೈನಿಕರಿಗೊಂದು ಪತ್ರ, ಯುದ್ಧ ಕಂಡ ಮಾಜಿ ಸೈನಿಕರೊಬ್ಬರಿಂದ ಭಾಷಣ. ಎಲ್ಲದರ ಫೋಟೋ, ವಿಡಿಯೋ ಆಯಾ ದಿನವೇ ಕಳಿಸಬೇಕು. ದೇಶಭಕ್ತಿಯ ಕೆಲಸ ಯಾವುದು ಬಂದರೂ ಅದು ಹಿಂದಿ ಟೀಚರ ತಲೆಗೇ ಕಟ್ಟುವುದು ಈ ಕಡೆಯ ಶಾಲೆಗಳ ರೂಢಿ. ಹಿಂದಿ ಟೀಚರ್ ನಾನು. ಅದೂ ಆ ವರ್ಷ ಕೆಲಸ ಕಾಯಂ ಆಗಬೇಕಿದ್ದ ಹಿಂದಿ ಟೀಚರ್.

ಪತ್ರದ ಕೆಲಸವನ್ನು ಎರಡು ದಿನದಲ್ಲಿ ಮುಗಿಸಿದೆ. 'ಪ್ರಿಯ ಸೈನಿಕ ಅಣ್ಣನಿಗೆ' ಎಂದು ಶುರುವಾಗುವ ಹತ್ತು ಸಾಲನ್ನು ಬೋರ್ಡಿನ ಮೇಲೆ ಬರೆದೆ, ಮಕ್ಕಳು ನಕಲು ಮಾಡಿದರು. ಕಟ್ಟುಗಳನ್ನು ಮನೆಗೆ ತಂದಾಗ ಅಂಕಲ್ ತಾವೇ ದಾರ, ಅರಗು ತಂದು ಜಗಲಿಯಲ್ಲಿ ಕೂತು ಬಿಗಿಯಾಗಿ ಕಟ್ಟಿ ಮುದ್ರೆ ಹಾಕಿಕೊಟ್ಟರು. ಕಟ್ಟುವ ಮೊದಲು ಮೂರ್ನಾಲ್ಕು ಪತ್ರ ತೆಗೆದು ಓದಿದರು. "ಟೀಚರ್, ಇದು ಒಂದ ಪತ್ರ ಆರು ನೂರು ಸಲ ಬರದದ್ದರಿ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಭಾಷಣಕ್ಕೆ ನೀವೇ ಬರಬೇಕು ಎಂದು ಕೇಳಿದಾಗ ಒಪ್ಪಲಿಲ್ಲ. "ನಾ ಅಂಚಿಯವ್ರಿ. ಬಂದೂಕ ಹಿಡದಾಂವಲ್ಲ" ಎಂದರು. ನಾಲ್ಕು ದಿನ ಬೆನ್ನು ಬಿಡಲಿಲ್ಲ. ಕೊನೆಗೆ, ಮಕ್ಕಳಿಗೆ ಒಂದೇ ಒಂದು ಮಾತು ಹೇಳುತ್ತೇನೆ, ಅದಕ್ಕೆ ಅವಕಾಶವಿದ್ದರೆ ಬರುತ್ತೇನೆ ಎಂದರು. ಏನು ಹೇಳುತ್ತೀರಿ ಎಂದು ಕೇಳಿದೆ. ಮೆಟ್ಟಿಲ ಮೇಲೆ ಕೂತು ಹೇಳಿದರು.

ಇಪ್ಪತ್ತು ವರ್ಷಗಳ ಹಿಂದೆ, ಬೆಟ್ಟಗಳ ಮೇಲೆ ನಡೆದ ಯುದ್ಧದಲ್ಲಿ ಅವರು ತಪ್ಪಲಿನ ಅಂಚೆ ಡೇರೆಯಲ್ಲಿದ್ದರು. "ಆವಾಗೂ ಹಿಂಗ ಸಾಲಿ ಹುಡುಗ್ರ ಪತ್ರ ಲಾರಿಗಟ್ಲೆ ಬರ್ತಿದ್ವು. ಹೆಲಿಕಾಪ್ಟರಿನ್ಯಾಗ ನಮಗ ಒಂದ ಚೀಲಕ್ಕ ಜಾಗ. ಮೊದ್ಲ ಮಕ್ಕಳ ಪತ್ರ ಹೋಗ್ಲಿ ಅಂತ ಸಾಹೇಬ್ರು ಅಂದ್ರು. ಮನಿ ಪತ್ರದ ಚೀಲ ಕೆಳಗ ಉಳೀತು. ಒಂಬತ್ತು ದಿನ. ಒಂಬತ್ತು ದಿನದಾಗ ಆ ಪತ್ರ ಓದೂ ಮಂದಿನ ಉಳೀಲಿಲ್ರಿ, ಎಷ್ಟೋ ಜನ. ಆ ಲಕೋಟಿ ಮ್ಯಾಲೆ 'ವಾಪಸ್' ಅಂತ ಠಸ್ಸೆ ಹೊಡದಾಂವ ನಾನ."

ಮಕ್ಕಳ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಅಲ್ಲಿ ಕ್ರಿಕೆಟ್ ಆಡಲು ಜಾಗ ಇದೆಯಾ ಎಂದು ಯಾವುದೋ ಹುಡುಗಿ ಕೇಳಿದ್ದ ಪತ್ರವನ್ನು ಇಡೀ ಡೇರೆ ಓದಿ ನಕ್ಕಿತ್ತಂತೆ. "ಬರೀರಿ, ಆದ್ರ ಸಣ್ಣದು ಬರೀರಿ, ನಿಮ್ಮದ ಬರೀರಿ. ಇಷ್ಟ ಹೇಳ್ತೀನಿ" ಎಂದರು.

ಇಂಥ ಮಾತನ್ನು ನಾನು ಜೀವನದಲ್ಲಿ ಕೇಳಿರಲಿಲ್ಲ. ಕೇಳಿದ ಮರುಗಳಿಗೆಯೇ ನನಗೆ ಹೊಳೆದದ್ದೇನು? ಇದನ್ನು ಹೇಳಿಸಿದರೆ ನನ್ನ ಕೆಲಸ ಹೋಗುತ್ತದೆ ಎಂದು! ಬರೆಯುವಾಗ ಮರೆಮಾಚಿ ಏನು ಪ್ರಯೋಜನ. ಆರು ನೂರು ಪತ್ರ ಕಳಿಸಿದ ಬೆನ್ನಲ್ಲೇ, ಇಂಥ ಪತ್ರಗಳಿಂದ ಮನೆಯ ಪತ್ರ ತಡವಾಯಿತು ಎಂದು ಮಕ್ಕಳೆದುರು ಹೇಳಿಸುವುದೇ? ಆ ದಿನಗಳು ಹೇಗಿದ್ದವೆಂದರೆ, ಮಳೆ ಬಂತೆಂದು ಒಂದು ಬೆಳಿಗ್ಗೆ ಪ್ರತಿಜ್ಞೆ ಬಿಟ್ಟ ಬೇರೊಂದು ಶಾಲೆಯ ಮೇಷ್ಟ್ರನ್ನು ಪೋಷಕರ ವಾಟ್ಸಾಪ್ ಗುಂಪಿನಲ್ಲಿ ದೇಶದ್ರೋಹಿ ಎಂದು ಹರಿದು ಹಾಕಿದ್ದರು. ಆದರೂ ಪ್ರಿನ್ಸಿಪಾಲ್ ಮೇಡಂಗೆ ಮೆತ್ತಗೆ ತಿಳಿಸಿದೆ. "ಇದರಲ್ಲಿ ಯುದ್ಧ ಎಲ್ಲಿದೆ ಟೀಚರ್? ನೀವೇ ಚೆನ್ನಾಗಿ ಒಂದು ಪುಟ ಬರೆದುಕೊಡಿ" ಎಂದರು.

ಬರೆದೆ. ಹಿಂದಿಯಲ್ಲಿ, ಪಾಠದ ಪುಸ್ತಕದ ಹಿಂದಿಯಲ್ಲಿ. ಅಂಚೆಯ ಮನುಷ್ಯನನ್ನು ಒಂದು ಪುಟದಲ್ಲಿ ಬೆಟ್ಟ ಹತ್ತಿಸಿದೆ. ಗುಂಡಿನ ಮಳೆಯ ನಡುವೆ ಬೆನ್ನ ಮೇಲೆ ಅಂಚೆಚೀಲ ಹೊತ್ತು ಅವರು ಶಿಖರವೇರಿದ್ದು, ಕಾವಲು ಠಾಣೆಯ ಯೋಧರು ಮಕ್ಕಳ ಪತ್ರ ಓದಿ ಜಯಕಾರ ಹಾಕಿದ್ದು... ಅವರು ಮಾತಿನ ನಡುವೆ ಹೇಳಿದ್ದ ಒಂದು ಶಿಖರದ ಹೆಸರನ್ನೂ ಹಾಕಿದೆ. ನಿಜ ಹೇಳಬೇಕೆಂದರೆ ಬರೆಯುತ್ತ ನನಗೇ ಕಣ್ಣು ತುಂಬಿತು. ಅಷ್ಟು ಚೆನ್ನಾಗಿ ಸುಳ್ಳು ಬರೆದಿದ್ದೆ.

ಆ ಹಾಳೆಯನ್ನು ಮೊದಲೇ ತೋರಿಸುವ ಧೈರ್ಯವಾಗಲಿಲ್ಲ. ಸಭಾಂಗಣದ ಬಾಗಿಲಲ್ಲಿ ಕೈಗಿತ್ತು, "ಅಂಕಲ್, ಸ್ವಲ್ಪ ತಿದ್ದಿದ್ದೀನಿ, ಇದನ್ನೇ ಓದಿಬಿಡಿ" ಎಂದೆ. "ಟೀಚರ್ ಬರದಾರಂದ್ರ ಸರಿನ ಇರ್ತೈತಿ" ಎಂದು ಮಡಿಚಿ ಜೇಬಿಗಿಟ್ಟುಕೊಂಡರು. ಎದೆಯ ಮೇಲೆ ಪದಕಗಳನ್ನು ಸಾಲಾಗಿ ಚುಚ್ಚಿಕೊಂಡಿದ್ದರು.

ಮೈಕಿನ ಮುಂದೆ ನಿಂತು ಕನ್ನಡಕ ಹಾಕಿಕೊಂಡು ಓದತೊಡಗಿದರು. ನಾಲ್ಕೈದು ಸಾಲು ಸರಾಗವಾಗಿ ಹೋಯಿತು. ಶಿಖರವೇರಿದ ಸಾಲು ಬಂದಾಗ ನಿಂತುಬಿಟ್ಟರು. ಹಾಳೆಯಿಂದ ತಲೆಯೆತ್ತಿ ವೇದಿಕೆಯ ಪಕ್ಕದಲ್ಲಿದ್ದ ನನ್ನನ್ನು ನೋಡಿದರು. ಮೊಬೈಲು ಹಿಡಿದವರು ಹಿಡಿದೇ ಇದ್ದರು. ಪದ್ಯ ಮರೆತ ಮಗುವಿಗೆ ಮಾಡುವಂತೆ ನಾನು ಕೈಯಾಡಿಸಿ 'ಓದಿ, ಓದಿ' ಎಂದು ಸನ್ನೆ ಮಾಡಿದೆ. ಅವರು ಓದಿದರು. ಚಪ್ಪಾಳೆ ನಿಲ್ಲಲೇ ಇಲ್ಲ. ಆ ಎರಡು ನಿಮಿಷದ ವಿಡಿಯೋ ಶಾಲೆಯ ಪುಟದಲ್ಲಿ ಹೋಗಿ, ಅಲ್ಲಿಂದ ಎಲ್ಲೆಲ್ಲೋ ಹಬ್ಬಿ, ಮೇಲಿನವರಿಂದ ಪ್ರಶಂಸಾಪತ್ರವೂ ಬಂತು. ಪ್ರಿನ್ಸಿಪಾಲ್ ಅದಕ್ಕೆ ಚೌಕಟ್ಟು ಹಾಕಿಸಿದರು.

ಅಂಕಲ್ ಆ ದಿನದ ಬಗ್ಗೆ ಏನೂ ಅನ್ನಲಿಲ್ಲ. ಮುಂದಿನ ಮೊದಲ ಭಾನುವಾರ ಎಂದಿನಂತೆ ಆಲುವಕ್ಕೆ ಹೋದರು. ಸಂಜೆ ಬರಬೇಕಾದವರು ಮಧ್ಯಾಹ್ನಕ್ಕೇ ಬಂದು ಮೆಟ್ಟಿಲ ಕೆಳಗಿನಿಂದ ನನ್ನನ್ನು ಕರೆದರು.

ಅಲ್ಲಿಗೆ ಬರುವ ಅವರ ಹಳೆಯ ಜೊತೆಗಾರರೊಬ್ಬರ ತಮ್ಮ ಆ ಶಿಖರದ ಮೇಲೇ ತೀರಿಕೊಂಡಿದ್ದನಂತೆ. ಇದು ನನಗೆ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. ವಿಡಿಯೋ ನೋಡಿದ್ದ ಆ ಮನುಷ್ಯ ಇವರು ಬಾಗಿಲೊಳಗೆ ಕಾಲಿಡುತ್ತಲೇ ಓಡಿಬಂದು ಎರಡೂ ಕೈ ಹಿಡಿದುಕೊಂಡರಂತೆ. "ಇಷ್ಟು ವರ್ಷ ಯಾಕ ಹೇಳ್ಲಿಲ್ಲ ಅಂದ. ಮ್ಯಾಲೆ ಹೋಗಿದ್ದಿ ಅಂದ್ರ ನನ್ನ ತಮ್ಮನ್ನ ನೋಡಿರ್ಬೇಕಲ್ಲ ಅಂದ. ಹೆಂಗಿದ್ದ, ಊಟ ಮಾಡ್ತಿದ್ನಾ, ಮನಿ ನೆನಸ್ತಿದ್ನಾ ಅಂತ ಕೇಳಿದ್ರಿ ಟೀಚರ್... ನಾ ಹೋಗೇ ಇಲ್ಲ ಅಂದೆ. ಅಂವ ಕೈ ಬಿಟ್ಟ. ಎಲ್ಲಾರೂ ನನ್ನ ಮಾರಿ ನೋಡಿದ್ರು."

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಆ ವಿಡಿಯೋ ತೆಗಸ್ರಿ. ಇಷ್ಟ ಒಂದ ಮಾಡ್ರಿ. ತೆಗದಾರ ಅಂತ ತೋರ್ಸಿ ನಾ ಅವರ ಮುಂದ ಹೋಗಿ ನಿಂದರ್ತೀನಿ" ಎಂದರು.

ಮರುದಿನ ಪ್ರಿನ್ಸಿಪಾಲರ ಕೋಣೆಯವರೆಗೆ ಹೋದೆ. ಗೋಡೆಯ ಮೇಲೆ ಆ ಚೌಕಟ್ಟು ಕಂಡಿತು. ಟೈಮ್ ಟೇಬಲ್ ಬಗ್ಗೆ ಏನೋ ಕೇಳಿ ಹಿಂದಿರುಗಿದೆ. ಇನ್ನೊಂದು ದಿನ ಹೋದಾಗ ಬಾಗಿಲನ್ನೂ ದಾಟಲಿಲ್ಲ. ಮನೆಗೆ ಬಂದು ಅಂಕಲ್‌ಗೆ, "ಹೇಳಿದ್ದೀನಿ, ತೆಗೀತಾರಂತೆ" ಎಂದುಬಿಟ್ಟೆ. ಎರಡನೆಯ ಸುಳ್ಳು. ಮೊದಲನೆಯದನ್ನು ಹೆದರಿಕೆಯೆಂದು ಬೇಕಾದರೆ ಕ್ಷಮಿಸಬಹುದು. ಇದಕ್ಕೆ ನನ್ನ ಬಳಿ ಹೆಸರಿಲ್ಲ.

ಅವರಿಗೂ ಮೊಬೈಲಿತ್ತು. ವಿಡಿಯೋ ಇನ್ನೂ ಅಲ್ಲೇ ಇರುವುದನ್ನು ನೋಡಿಯೇ ಇರುತ್ತಾರೆ, ದಿನವೂ... ಮತ್ತೆ ಕೇಳಲಿಲ್ಲ. ಹದಿನೈದು ದಿನ ಕಳೆದಿರಬೇಕು, ಮೆಟ್ಟಿಲಲ್ಲಿ ಎದುರಾದವರು, "ಟೀಚರೇ, ಮೋಟರ್ ಇಟ್ಟಿಟ್ಟುಂಡ್" ಎಂದರು. ನೀರಿನ ಮೋಟಾರು ಹಾಕಿದ್ದೇನೆ ಎಂದು, ಅಷ್ಟೇ, ಮಲಯಾಳಂನಲ್ಲಿ. ಅಂದಿನಿಂದ ನನ್ನೊಂದಿಗೆ ಒಂದು ಪದ ಕನ್ನಡ ಆಡಲಿಲ್ಲ. ಮರ್ಯಾದೆಗೆ ಏನೂ ಕಡಿಮೆಯಿರಲಿಲ್ಲ, ಹಬ್ಬಕ್ಕೆ ಪಾಯಸವೂ ಮೇಲೆ ಬಂತು. ಆಲುವದ ಭಾನುವಾರಗಳು ಮಾತ್ರ ನಿಂತುಹೋದವು. ಆ ಬೇಸಿಗೆಯಲ್ಲಿ ಮನೆಯನ್ನು ಬೇರೆಯವರಿಗೆ ಬಿಟ್ಟು ಮಗಳ ಬಳಿ ಶ್ರೀಕಾರ್ಯಂಗೆ ಹೊರಟುಹೋದರು. ನನ್ನ ಕೆಲಸ ಕಾಯಂ ಆಯಿತು.

ಎರಡು ವರ್ಷದ ನಂತರ ಅವರು ತೀರಿಕೊಂಡ ಸುದ್ದಿ ಬಂತು. ಶಾಲೆಯ ಪರವಾಗಿ ರೀತ್, ಎಂದರೆ ಪುಷ್ಪಚಕ್ರ, ಇಟ್ಟು ಬರಲು ನನ್ನನ್ನೇ ಕಳಿಸಿದರು. ಅದಕ್ಕೆ ಅಂಟಿಸಲು ಕಾಗದದ ಒಂದು ಪಟ್ಟಿ ಮುದ್ರಿಸಿ ಕೊಟ್ಟಿದ್ದರು: ಗುಂಡಿನ ಮಳೆಯಲ್ಲಿ ಶಿಖರವೇರಿದ ವೀರನಿಗೆ. ಬೆಳಗಿನ ರೈಲಿನಲ್ಲಿ ಹೋಗಿ, ತಿರುವನಂತಪುರದ ಸ್ಟೇಷನ್ನಿನ ಎದುರು ರೀತ್ ಕೊಂಡೆ. ಪಟ್ಟಿಯನ್ನು ಬ್ಯಾಗಿನಲ್ಲೇ ಉಳಿಸಬಹುದಿತ್ತು. ಉಳಿಸಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದು ಅಷ್ಟರಲ್ಲಿ ಅಭ್ಯಾಸವಾಗಿ ಹೋಗಿತ್ತು.

ಅವರ ಮಗಳು ರೀತ್ ಕೈಗೆ ತೆಗೆದುಕೊಂಡು ಪಟ್ಟಿ ಓದಿದಳು. ಅದನ್ನು ಮೆಲ್ಲಗೆ ಬಿಡಿಸಿ, ನಾಲ್ಕಾಗಿ ಮಡಿಚಿ ನನ್ನ ಅಂಗೈಯಲ್ಲಿಟ್ಟಳು. ಆಮೇಲೆ ಹೂವನ್ನು ಅವರ ಪಾದದ ಬಳಿ ಇಟ್ಟಳು. ತಲೆಯ ಪಕ್ಕದಲ್ಲಿ ಒಬ್ಬರು ಮುದುಕರು ಕುರ್ಚಿ ಹಾಕಿಕೊಂಡು ಕೂತಿದ್ದರು, ಕಡೆಯವರೆಗೂ ಏಳಲಿಲ್ಲ. ಆಲುವದಿಂದ ಬಂದವರು, ಶಿಖರದ ಮೇಲೆ ತಮ್ಮನನ್ನು ಕಳೆದುಕೊಂಡವರು ಎಂದು ಮಗಳು ಹೇಳಿದಳು. "ವಾರವಾರ ಫೋನ್ ಮಾಡ್ತಿದ್ರು ಟೀಚರ್. ಅಪ್ಪನೇ ಎತ್ತುತ್ತಿರಲಿಲ್ಲ" ಎಂದಳು. ಆ ಮುದುಕರ ಹತ್ತಿರ ಹೋಗಿ, ಬರೆದವಳು ನಾನು ಎನ್ನಬೇಕೆಂದು ಎರಡು ಹೆಜ್ಜೆ ಇಟ್ಟೆ. ಅಲ್ಲಿಗೇ ನಿಂತೆ.

ಈಗ ಮತ್ತೆ ಗಡಿಯಲ್ಲಿ ಸದ್ದು. ಮತ್ತೆ ಸುತ್ತೋಲೆ, ಪ್ರತಿಜ್ಞೆ, ಪತ್ರ. ಪ್ರಿನ್ಸಿಪಾಲ್ ಬದಲಾಗಿದ್ದಾರೆ, ಹುಡುಗು ಪ್ರಾಯದವರು. ಅರಗಿನ ವಾಸನೆ ಮೂಗಿಗೆ ಬಡಿದ ಮರುದಿನ ಅದೇ ಕೋಣೆಗೆ ಹೋಗಿ, ನಿಂತೇ ಎಲ್ಲ ಹೇಳಿದೆ. ಆ ವಿಡಿಯೋದಲ್ಲಿ ಇರುವುದು ಸುಳ್ಳು, ಬರೆದವಳು ನಾನು, ಅದನ್ನು ತೆಗೆಯಿರಿ. ಅವರು ಕೇಳಿಸಿಕೊಂಡು, "ಅಷ್ಟೇನಾ ಟೀಚರ್?" ಎಂದು ಕಂಪ್ಯೂಟರಿನತ್ತ ತಿರುಗಿದರು. ಎರಡು ಸಲ ಒತ್ತಿದರು. "ಹೋಯ್ತು ನೋಡಿ" ಎಂದರು. ನನ್ನ ಗಡಿಯಾರದಲ್ಲಿ ಒಂದು ನಿಮಿಷವೂ ಕಳೆದಿರಲಿಲ್ಲ.

ಕಾರಿಡಾರಿಗೆ ಬಂದು ಶ್ರೀಕಾರ್ಯಂಗೆ ಫೋನ್ ಮಾಡಿದೆ. ವಿಡಿಯೋ ತೆಗೆಸಿದೆ ಎಂದು ಅವರ ಮಗಳಿಗೆ ಹೇಳಿದೆ.

"ಇಪ್ಪೋ ಎಂದಿನಾ ಟೀಚರೇ?" ಎಂದಳು. ಈಗ ಯಾಕೆ?

ಧ್ವನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿ ತಿಳಿಯಲೆಂದೇ ಕೇಳಿದ್ದಳು.