ಹಸಿ ಸ್ಲ್ಯಾಬಿನ ಕೆಳಗೆ ನನ್ನ ಇನ್‌ಸ್ಪೆಕ್ಟರ್

ಗೆಳೆಯರೇ, ನನ್ನ ಕಾದಂಬರಿಯ ಇನ್‌ಸ್ಪೆಕ್ಟರ್ ಇಂದು ಮಧ್ಯಾಹ್ನ ಗೋವಾದ ಪರ್ವರಿಯಲ್ಲಿ ಸತ್ತುಹೋದ. ಕೊಂದವರು ನಮ್ಮ ಪಕ್ಕದ ಮನೆಯ ಮೇಸ್ತ್ರಿ ಬಸಪ್ಪ ಕಾಕಾ.

ಬೇರೆ ಗ್ರಹದಿಂದ ಬಂದ ಮೃಗವನ್ನು ಗುಟ್ಟಾಗಿ ಸಾಕಿ, ಅದರಿಂದ ಜನರನ್ನು ಕೊಲ್ಲಿಸುವ ಬಿಲ್ಡರ್ ಒಬ್ಬನ ಕಥೆ ಅದು. ಸಂಜೆ ಆರರೊಳಗೆ ಪ್ರಕಾಶಕರಿಗೆ ಕಳಿಸಬೇಕಿತ್ತು. ಹೊಗಳುತ್ತಾರೆಂಬ ಆಸೆಯಿಂದ ಕೊನೆಯ ಅಧ್ಯಾಯವನ್ನು ಕಾಕಾನಿಗೆ ಓದಲು ಕೊಟ್ಟಿದ್ದೆ.

"ಕಾಂಕ್ರೀಟ್ ಹಾಕಿದ ಮರುದಿನಾನ ನಿನ್ನ ಇನ್‌ಸ್ಪೆಕ್ಟರ್ ಸ್ಲ್ಯಾಬಿಗೆ ಆಸರ ಕೊಟ್ಟ ಸೆಂಟ್ರಿಂಗ್ ಹಲಗಿ ಬಿಚ್ಚಿಸ್ಯಾನಲ್ಲ ತಂಗಿ?" ಎಂದರು.

"ಹೌದ್ರಿ ಕಾಕಾ. ಸ್ಲ್ಯಾಬಿನ ತಳದಾಗ ಮೃಗದ ಉಗುರು ಸಿಗತೈತಿ. ಅದರಿಂದನ ಬಿಲ್ಡರ್ ಸಿಕ್ಕಿಬೀಳ್ತಾನ."

"ಎಲ್ಲಿ ಉಗುರು? ಹಸಿ ಸ್ಲ್ಯಾಬ್ ಪೂರಾ ಅವನ ತಲಿ ಮ್ಯಾಲೆ ಬಿತ್ತು. ಸತ್ತ ಅಂವ."

"ಹಂಗಾರ ಎಷ್ಟ್ ದಿನಾ ಬಿಡಬೇಕ್ರಿ?"

"ಎರಡು ವಾರರೆ ನೀರು ಹೊಡೀಬೇಕು. ಅಲ್ಲೀತನಕಾ ನಿನ್ನ ಪ್ರಾಣಿ ಉಪವಾಸ ಇರತೈತೇನು? ಪಣಜಿ ಪೂರಾ ತಿಂದು ಮುಗಸತೈತಿ."

ನಾನು ಮೆಲ್ಲಗೆ ಕೇಳಿದೆ: "ಆರು ಕಣ್ಣಿನ ಪ್ರಾಣಿ ಆಕಾಶದಿಂದ ಇಳೀತದಲ್ರಿ, ಅದು ಖರೇ ಅನಸ್ತೇನ್ರಿ?"

"ಇಳದಿರಬೇಕು ಬಿಡು. ಅದನ್ನ ನಾ ನೋಡಿಲ್ಲ. ಸ್ಲ್ಯಾಬ್ ಭಾಳ ನೋಡೇನಿ."

ಮನೆಗೆ ಬಂದು ತಾಸುಗಟ್ಟಲೆ ಕುಳಿತೆ. ಇನ್‌ಸ್ಪೆಕ್ಟರನನ್ನು ಉಳಿಸಿದರೆ ಪಣಜಿ ಹೋಗುತ್ತದೆ. ಪಣಜಿ ಉಳಿಸಿದರೆ ಇನ್‌ಸ್ಪೆಕ್ಟರ್ ಹೋಗುತ್ತಾನೆ. ಏನೂ ಹೊಳೆಯದೆ, "ಸ್ಲ್ಯಾಬ್ ಇನ್ನೂ ಹಸಿ ಇದೆ, ಸ್ವಲ್ಪ ಸಮಯ ಕೊಡಿ" ಎಂದು ಪ್ರಕಾಶಕರಿಗೆ ಸಂದೇಶ ಕಳಿಸಿದೆ.

ಈಗಷ್ಟೇ ಉತ್ತರ ಬಂತು: "ತಡವಾದರೆ ಪರವಾಗಿಲ್ಲ. ಗೃಹಪ್ರವೇಶಕ್ಕೆ ಮರೆಯದೆ ಕರೆಯಿರಿ."